ನೀರಿನ ಸೆರ್ವಿದಾಂವ್

ಮಡಗಾಂವಿನ ಕೋರ್ಟಿನ ಜಗುಲಿಯಲ್ಲಿ ಕುಳಿತು ಟೈಪ್ ಮಾಡುತ್ತಿದ್ದ ತೆಲೆಸ್ಫೋರ್ ಗ್ರಾಸಿಯಸ್ ಅವರನ್ನು ಕಂಡರೆ ವಕೀಲರಿಗೆ ಆಗುತ್ತಿರಲಿಲ್ಲ. ಟೈಪ್ ಮಾಡಿದ ಪ್ರತಿ ಕಾಗದಕ್ಕೂ ಅವರು ಒಂದು ಚೀಟಿ ಚುಚ್ಚಿ ಕೊಡುತ್ತಿದ್ದರು. ಆ ಕಾಗದದ ಅತಿ ಕಷ್ಟದ ಪದ ಯಾವುದೋ ಅದರ ಅರ್ಥ ಚೀಟಿಯ ಮೇಲೆ ಕೊಂಕಣಿಯಲ್ಲಿ ಇರುತ್ತಿತ್ತು. ‘ತಡೆಯಾಜ್ಞೆ: ಗೋಡೆ ಇದ್ದಲ್ಲೇ ನಿಲ್ಲಲಿ, ಗೋಡೆ ಯಾರದ್ದು ಅಂತ ಆಮೇಲೆ ನೋಡೋಣ.’ ‘ಮುಖತ್ಯಾರ ಪತ್ರ: ನಿನ್ನ ಕೈಯನ್ನು ಇನ್ನೊಬ್ಬನ ಭುಜಕ್ಕೆ ಹೊಲಿಯುವುದು. ಹೊಲಿಯುವ ಮೊದಲು ಭುಜ ಯಾರದೆಂದು ನೋಡಿಕೊ.’ ಈ ಎರಡನೆಯದನ್ನು ಓದಿಸಿಕೊಂಡ ಒಬ್ಬ ಮುದುಕಿ, ಅಳಿಯನ ಹೆಸರಿಗೆ ಬರೆಸಿದ್ದ ಕಾಗದವನ್ನು ಜಗುಲಿಯಲ್ಲೇ ಹರಿದು ಮನೆಗೆ ಹೋದಳು. ಅಳಿಯನ ವಕೀಲರು ಬಂದು ಕೂಗಾಡಿದರು. ತೆಲೆಸ್ಫೋರ್ ಕರಿ ಟೈ ಸರಿಮಾಡಿಕೊಂಡು, ಅರ್ಥದಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದುತ್ತೇನೆ ಎಂದರು. ತಪ್ಪಿರಲಿಲ್ಲ.

ಅವರು ಮೊದಲಿನಿಂದ ಹೀಗಿದ್ದವರಲ್ಲ. ಮೊದಲ ಚೀಟಿ ಬರೆದದ್ದು ಎಂಬತ್ಮೂರರ ಏಪ್ರಿಲ್‌ನಲ್ಲಿ, ತಮ್ಮ ಐವತ್ತೇಳನೆಯ ವಯಸ್ಸಿನಲ್ಲಿ. ಅದನ್ನು ಬರೆಯುವುದಕ್ಕೆ ಕಾರಣವಾದ ಐದು ದಿನಗಳಲ್ಲಿ ನಾನು ಜೊತೆಗಿದ್ದೆ. ವಕೀಲೆಯಾಗಿ ಅದಕ್ಕಿಂತ ದೊಡ್ಡ ಮೊಕದ್ದಮೆಗಳನ್ನು ನಡೆಸಿದ್ದೇನೆ. ಅಷ್ಟು ಎದೆ ಹೊಡೆದುಕೊಂಡದ್ದು ಮಾತ್ರ ಬೇರೆ ಯಾವುದರಲ್ಲೂ ಇಲ್ಲ.

ತೆಲೆಸ್ಫೋರ್ ಹತ್ತೊಂಬತ್ತಕ್ಕೆ ಪೋರ್ಚುಗೀಸರ ಕೋರ್ಟಿನಲ್ಲಿ ನಕಲುಗಾರನಾಗಿ ಸೇರಿದವರು. ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಹದಿನಾರು ವರ್ಷ ಕ್ರಯಪತ್ರ, ಪಾಲುಪಟ್ಟಿ, ತೀರ್ಪುಗಳನ್ನು ನಕಲು ಮಾಡಿ ಮಾಡಿ, ಓದದೆಯೇ ವಕೀಲರಷ್ಟು ಕಾನೂನು ಅವರ ಬೆರಳಿಗೆ ಇಳಿದಿತ್ತು. ಅರವತ್ತೊಂದರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದರು. ಕೋರ್ಟಿನ ಭಾಷೆ ಇಂಗ್ಲಿಷಾಯಿತು. ದಫ್ತರದ ಕೋಣೆಯಲ್ಲಿ ಕಡತ ಎತ್ತಿಕೊಡುವ ಕೆಲಸ ಕೊಡುತ್ತೇವೆ ಎಂದರು. ಇವರು ಬೇಡವೆಂದು ಹೊರಗೆ ಬಂದು, ಹಳೆಯದೊಂದು ಟೈಪ್‌ರೈಟರ್ ಕೊಂಡು, ಎಡಗಡೆಯ ಮೂರನೆಯ ಕಂಬದ ಬುಡದಲ್ಲಿ ಮೇಜು ಹಾಕಿದರು. ಪೋರ್ಚುಗೀಸ್ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವುದು ಕಸುಬು. ಇಂಗ್ಲಿಷನ್ನು ಅವರು ಕಲಿತದ್ದು ನಿಘಂಟಿನಿಂದ. ಪದಕ್ಕೆ ಪದ ಸರಿಯಾಗಿಯೇ ಕೂರುತ್ತಿತ್ತು. ಆದರೆ ಆ ಪದಗಳು ಅವರ ಕೈಯಲ್ಲಿ ಬೀಗದ ಕೈಗೊಂಚಲಿನ ಹಾಗಿದ್ದವು, ಯಾವುದು ಯಾವ ಬಾಗಿಲಿನದೆಂದು ಅವರಿಗೇ ತಿಳಿದಿರಲಿಲ್ಲ. ಕೇಳುವವರೂ ಇರಲಿಲ್ಲ.

ಆ ಏಪ್ರಿಲ್‌ನ ಒಂದು ಸೋಮವಾರ ಬೆಳಿಗ್ಗೆ ನನ್ನ ಕಚೇರಿಗೆ ಪಿಯೆದಾದ್ ಕಾರ್ವಾಲ್ ಎಂಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಮನೆಯಲ್ಲಿ ಅವಳು, ಇಬ್ಬರು ಹೆಣ್ಣುಮಕ್ಕಳು ಮತ್ತು ಅತ್ತೆ ಇನಾಸ್‌ಮಾಯ್. ಮನೆ ಇದ್ದದ್ದು ಸೊಕೊಲ್‌ವಾಡೊದಲ್ಲಿ, ಭಾಟ್ಕಾರನ, ಅಂದರೆ ಜಮೀನ್ದಾರನ, ತೆಂಗಿನ ತೋಟದ ಹಿಂದೆ. ಮನೆಯ ಮೂರು ಕಡೆಗೂ ಉಪ್ಪುನೀರಿನ ಗದ್ದೆ. ರಸ್ತೆಗೆ ಬರಬೇಕಾದರೆ ತೋಟದ ನಡುವಿನ ಕಾಲುದಾರಿ ಒಂದೇ. ಕುಡಿಯುವ ನೀರಿಗೆ ಆ ದಾರಿಯ ಮಗ್ಗುಲಿನ ಬಾವಿ ಒಂದೇ.

ಆ ದಾರಿಗೆ ಅಡ್ಡವಾಗಿ ಗೋಡೆ ಏಳುತ್ತಿತ್ತು. ತೋಟದ ಹಳೆಯ ಒಡತಿ ತೀರಿಕೊಂಡು, ಸೋದರಳಿಯ ಎರಾಸ್ಮೊ ಎಂಬವನಿಗೆ ಆಸ್ತಿ ಬಂದಿತ್ತು. ಅದನ್ನು ಒಬ್ಬ ಹೋಟೆಲಿನವನಿಗೆ ಮಾರುವುದಕ್ಕೆ ಅವನು ಅಣಿಯಾಗುತ್ತಿದ್ದ. ಚಿರೆಕಲ್ಲಿನ ಮೂರು ಸಾಲು ಆಗಲೇ ಬಿದ್ದಿತ್ತು. ದಿನಕ್ಕೆ ಒಂದು ಸಾಲು ಏಳುತ್ತಿದೆ ಎಂದಳು.

ಮುಂದೆ ಅವಳು ಹೇಳಿದ್ದನ್ನು ನಾನು ಎರಡು ಸಲ ಕೇಳಿ ಬರೆದುಕೊಂಡೆ. ಕಾರ್ವಾಲ್ ಮನೆಯ ಹೆಂಗಸರು ಎಪ್ಪತ್ತು ವರ್ಷದಿಂದ ಪ್ರತಿ ಬೆಳಿಗ್ಗೆ ಆ ಬಾವಿಯಿಂದ ಎರಡು ಕೊಡ ನೀರು ಸೇದಿ ಭಾಟ್ಕಾರನ ಅಡುಗೆಮನೆಗೆ ಹೊತ್ತು ಹಾಕುತ್ತಿದ್ದರು. ಕೂಲಿ ಇಲ್ಲ. ಹೆರಿಗೆಯಾದ ವಾರ ಮಾತ್ರ ಬಿಡುವು. ಗಂಡನ ಅಜ್ಜ ರೋಕ್ ಆ ಮನೆಯ ಜಾಗವನ್ನು ಭಾಟ್ಕಾರನಿಂದ ಕೊಂಡಾಗಿನ ಕಾಗದದಲ್ಲಿಯೇ ಹಾಗೆಂದು ಬರೆದಿದೆಯಂತೆ. ಈಗ ಎರಾಸ್ಮೊನ ಮನೆಗೆ ನಲ್ಲಿ ಬಂದಿತ್ತು. ಅವನು ಪಿಯೆದಾದಳನ್ನು ಕರೆಸಿ, ಕುರ್ಚಿಯಲ್ಲಿ ಕುಳಿತು, ದೊಡ್ಡ ಮನಸ್ಸಿನಿಂದ ಹೇಳಿದ್ದನಂತೆ: “ನಿಮ್ಮನ್ನೆಲ್ಲ ಇವತ್ತಿಂದ ಬಿಟ್ಟಿದೀನಿ ಗೊ. ನೀರು ಹೊರೋದು ಬೇಡ. ಹೊರೋದಿಲ್ಲ ಅಂದ್ಮೇಲೆ ಬಾವಿ ಯಾಕೆ? ಬಾವಿ ಇಲ್ಲ ಅಂದ್ಮೇಲೆ ದಾರಿ ಯಾಕೆ?”

ಕಾಗದ ತಂದಿದ್ದೀಯಾ ಎಂದೆ. ಮನೆ ತೆರಿಗೆಯ ರಸೀದಿ ಕೊಟ್ಟಳು. ಅದಲ್ಲ, ಆ ಹಳೆಯ ಕಾಗದ ಎಂದೆ.

“ಅತ್ತೆ ಕೊಡೋದಿಲ್ಲ ಬಾಯ್. ದೇವರ ಪಟದ ಹಿಂದೆ ಇಟ್ಟಿದಾರೆ. ನಾವು ಆಳು ಅಂತ ಅದ್ರಲ್ಲಿ ಬರ್ದಿದೆ. ಕೋರ್ಟಲ್ಲಿ ಓದಿದ್ರೆ ನಾಳೆ ನನ್ನ ಹೆಣ್ಣುಮಕ್ಕಳನ್ನ ಯಾರು ಮಾಡ್ಕೋತಾರೆ?”

ಶನಿವಾರದಿಂದ ಕೋರ್ಟಿಗೆ ಬೇಸಿಗೆ ರಜೆ. ಶುಕ್ರವಾರದೊಳಗೆ ತಡೆಯಾಜ್ಞೆ ಸಿಗದಿದ್ದರೆ, ರಜೆ ಮುಗಿಯುವ ಹೊತ್ತಿಗೆ ಗೋಡೆ ತಲೆ ಮುಟ್ಟಿ, ಮಳೆ ಹಿಡಿದು, ಗದ್ದೆ ತುಂಬಿ, ಆ ಮನೆ ನಡುಗಡ್ಡೆಯಾಗುತ್ತದೆ. ಕಾಗದವಿಲ್ಲದೆ ಹೋದರೆ ಎದುರು ವಕೀಲ ಒಂದೇ ಮಾತಿನಲ್ಲಿ ಮುಗಿಸುತ್ತಾನೆ: ಆಳಾಗಿದ್ದಳು, ಅಪ್ಪಣೆಯಿಂದ ನಡೆದಳು, ಅಪ್ಪಣೆ ಮುಗಿಯಿತು. ಪೋರ್ಚುಗೀಸ್ ಓದಬಲ್ಲವರು ಒಬ್ಬರು ಬೇಕಾಗಿತ್ತು. ಮಧ್ಯಾಹ್ನ ಜಗುಲಿಗೆ ಹೋಗಿ ತೆಲೆಸ್ಫೋರ್ ಅವರನ್ನು ಊಟದ ನಡುವೆ ಎಬ್ಬಿಸಿದೆ. ಹಂದಿಮಾಂಸದ ಚೊರಿಸ್ ತುಂಬಿದ ಪಾವು ಅರ್ಧ ತಿಂದಿದ್ದರು. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಏಪ್ರಿಲ್‌ನ ಸೆಕೆಯಲ್ಲೂ ಟೈ ಬಿಚ್ಚಲಿಲ್ಲ.

ಆ ಟೈಯೇ ಕಾಗದವನ್ನು ಹೊರಗೆ ತಂದಿತು. ನಾವು ಮೂರು ಸಾಲಿನ ಗೋಡೆ ದಾಟಿ ಮನೆ ತಲುಪಿದಾಗ ಇನಾಸ್‌ಮಾಯ್ ಬಾಗಿಲಲ್ಲಿ ಕುಳಿತು ಒಣಮೀನು ವಿಂಗಡಿಸುತ್ತಿದ್ದಳು. ಎಂಬತ್ತರ ಮುದುಕಿ. ನೀರು ಹೊತ್ತು ಹೊತ್ತು ಕತ್ತು ಒಂದು ಕಡೆಗೆ ವಾಲಿ ಹಾಗೆಯೇ ನಿಂತುಬಿಟ್ಟಿತ್ತು. ಆ ವಾಲಿದ ಕತ್ತಿನಲ್ಲೇ ತೆಲೆಸ್ಫೋರ್ ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ಇವನೇ ಅಲ್ವಾ ಆ ಟೈ?” ಎಂದಳು.

ಪಿಯೆದಾದ್ ಗಾಬರಿಯಾದಳು. ಮುದುಕಿ ಬಿಡಲಿಲ್ಲ. ಪೋರ್ಚುಗೀಸರು ಹೋದ ಮೇಲೆ ಅರವತ್ಮೂರರಲ್ಲಿ ಅವಳ ಗಂಡನಿಗೆ ಒಂದು ಆಸೆ ಹುಟ್ಟಿತ್ತಂತೆ: ಹೊಸ ಸರ್ಕಾರ ಬಂದಿದೆ, ನೀರು ಹೊರುವುದು ತಪ್ಪಿದರೂ ತಪ್ಪಬಹುದು ಎಂದು. ಕಾಗದ ಹಿಡಿದು ಮಡಗಾಂವಿಗೆ ಹೋಗಿ, ಜಗುಲಿಯ ಟೈ ಕಟ್ಟಿದವನಿಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿಕೊಂಡು ಬಂದಿದ್ದ. ಊರಿನ ಮಾಸ್ತರರು ಅದನ್ನು ನೋಡಿ, ನಿಘಂಟು ತೆಗೆದು, ಅದರಲ್ಲಿದ್ದ ಒಂದು ಪದಕ್ಕೆ ಗುಲಾಮಗಿರಿ ಎಂದು ಅರ್ಥ, ಎರಡೆರಡು ಭಾಷೆಯಲ್ಲಿ ಬರೆದಮೇಲೆ ತಪ್ಪಿಸಿಕೊಳ್ಳುವಂತಿಲ್ಲ ಎಂದಿದ್ದರು. ಗಂಡ ಆಮೇಲೆ ಆ ಮಾತು ಎತ್ತಲಿಲ್ಲ. ಇನಾಸ್‌ಮಾಯ್ ಮತ್ತೆ ಕೊಡ ಎತ್ತಿದಳು. ಅವಳಿಗಾಗದಾದಾಗ ಸೊಸೆ ಎತ್ತಿದಳು.

ಹೇಳಿ ಮುಗಿಸಿ ಎದ್ದು, ಒಳಗೆ ಹೋಗಿ, ಪಟದ ಹಿಂದಿನಿಂದ ಒಂದು ಬಿಸ್ಕೆಟ್ ಡಬ್ಬಿ ತಂದು ಅವರ ಮುಂದೆ ಕುಕ್ಕಿದಳು. “ತಗೋ. ನೀನು ಹಾಕಿದ ಗಂಟು, ನೀನೇ ಬಿಚ್ಚು. ನನಗೇನು, ಇವತ್ತೋ ನಾಳೆಯೋ ಸಾಯ್ತೀನಿ. ಸತ್ತ ಮೇಲೆ ಪೆಟ್ಟಿಗೇನ ಗೋಡೆ ಮೇಲಿಂದ ಎಸೀತಾರೋ ಏನೋ, ಕೇಳಿ ಹೇಳು.”

ಡಬ್ಬಿಯಲ್ಲಿ ಎರಡು ಕಾಗದಗಳಿದ್ದವು. ಮೇಲಿನದು ಟೈಪ್ ಮಾಡಿದ್ದು, ಕೆಳಗೆ ಟಿ. ಜಿ. ಎಂಬ ಸಹಿ. ತೆಲೆಸ್ಫೋರ್ ಅದನ್ನು ನೋಡಿ ಮೇಜಿನ ಮೇಲೆ ಬೋರಲಾಗಿ ಇಟ್ಟರು. ಕೆಳಗಿನದು ಸಾವಿರದ ಒಂಬೈನೂರ ಹನ್ನೊಂದರ ಕ್ರಯಪತ್ರದ ನಕಲು. ಅದರ ಮೊದಲ ಹಾಳೆ ಮಾತ್ರ ಇತ್ತು. ಎರಡನೆಯದನ್ನು ಗೆದ್ದಲು ತಿಂದು, ಹೊಲಿಗೆಯ ಹತ್ತಿರ ಒಂದು ಅಂಚು ಉಳಿಸಿತ್ತು. ಅವರು ಕಿಟಕಿಯ ಬೆಳಕಿಗೆ ಹೋಗಿ ತುಟಿ ಅಲ್ಲಾಡಿಸುತ್ತಾ ಓದಿದರು. ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಮೂರನೆಯ ಸಲ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಎರಡನೇ ಹಾಳೆ ಸಿಕ್ಕಬೇಕು ಬಾಯ್,” ಎಂದರು ನನಗೆ. “ಸಿಕ್ಕಲೇಬೇಕು.” ಮನೆಯವರಿಗೆ ಏನೂ ಹೇಳಲಿಲ್ಲ. ಕೈಯಲ್ಲಿ ಕಾಗದವಿಲ್ಲದೆ ಇನ್ನೊಮ್ಮೆ ಆಸೆ ಹುಟ್ಟಿಸುವ ಧೈರ್ಯ ಅವರಿಗಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಜಾಗವಿದ್ದರೂ ಕೂರಲಿಲ್ಲ. ಸರಳು ಹಿಡಿದು ನನ್ನ ಮೇಲೆ ಬಗ್ಗಿ ಮಾತಾಡಿದರು. ಕಾಗದದಲ್ಲಿದ್ದ ಪದ ಸೆರ್ವಿದಾಂವ್. ದಾರಿಯ ಸೆರ್ವಿದಾಂವ್, ನೀರಿನ ಸೆರ್ವಿದಾಂವ್. ಬೀದಿಯ ಮಾತಿನಲ್ಲಿ ಅದಕ್ಕೆ ಗುಲಾಮಗಿರಿ, ಊಳಿಗ ಎಂಬ ಅರ್ಥ ಇದೆ. ಇಂಗ್ಲಿಷ್ ನಿಘಂಟಿನ ಪದವೂ ಹಾಗೆಯೇ. ಆದರೆ ಕ್ರಯಪತ್ರದಲ್ಲಿ ಬಂದಾಗ ಅದು ಮನುಷ್ಯರ ಮಾತಲ್ಲ, ನೆಲದ ಮಾತು. ಒಂದು ನೆಲ ಪಕ್ಕದ ನೆಲಕ್ಕೆ ಸಲ್ಲಿಸಬೇಕಾದ ಸೇವೆ. ದಾರಿ ಬಿಡುವುದು ಒಂದು ಸೇವೆ. ನೀರು ಕೊಡುವುದು ಒಂದು ಸೇವೆ. ಯಾವ ನೆಲ ಆಳು, ಯಾವ ನೆಲ ಒಡೆಯ ಎಂಬುದನ್ನೂ ಕಾಗದದಲ್ಲಿ ಬರೆಯಲೇಬೇಕು, ಬರೆಯದ ನೋಟರಿ ಇಲ್ಲ. ಅದು ಬರುವುದು ಕೊನೆಯಲ್ಲಿ, ಎಲ್ಲೆ ಹೇಳಿದ ಮೇಲೆ. ಅಂದರೆ ಎರಡನೆಯ ಹಾಳೆಯಲ್ಲಿ.

ನಾನು ಕಾನೂನು ಓದಿದ್ದು ಧಾರವಾಡದಲ್ಲಿ. ಇಂಥ ಹಕ್ಕಿಗೆ ನಮ್ಮ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದರಲ್ಲಿ ಆಳಿನ ವಾಸನೆ ಇರಲಿಲ್ಲ. ಆದ್ದರಿಂದ ಹೊಳೆದಿರಲಿಲ್ಲ. ಈಗ ಹೊಳೆದಾಗ ಬಸ್ಸಿನ ಸೀಟಿನಿಂದ ನಾನೂ ಎದ್ದು ನಿಂತೆ. ಕಂಡಕ್ಟರ್, ನಿಮ್ಮ ಸ್ಟಾಪು ಇನ್ನೂ ಬಂದಿಲ್ಲ ಬಾಯ್, ಎಂದ.

ಆ ಮನೆಯವರು ನೀರು ಹೊರಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಅವರಿಗೆ ಭಾಟ್ಕಾರನ ಬಾವಿಯಿಂದ ನೀರು ಸೇದುವ ಹಕ್ಕಿದೆ ಎಂದು ಬರೆದಿತ್ತು. ಎಪ್ಪತ್ತು ವರ್ಷ ಹಕ್ಕನ್ನು ಅವರು ಹೊರೆಯೆಂದು ಹೊತ್ತಿದ್ದರು.

ಮಂಗಳವಾರ ಅರ್ಜಿ ಹಾಕಿದೆ. ವಿಚಾರಣೆ ಶುಕ್ರವಾರಕ್ಕೆ ಬಿತ್ತು, ರಜೆಯ ಹಿಂದಿನ ದಿನ. ಗೋಡೆ ನಾಲ್ಕು ಸಾಲು.

ಬುಧವಾರ ನೋಟರಿ ಪುಸ್ತಕಗಳ ದಫ್ತರಕ್ಕೆ ಹೋದೆ. ಆ ಕಾಲದಲ್ಲಿ ಕ್ರಯಪತ್ರವನ್ನು ನೋಟರಿ ತನ್ನ ಪುಸ್ತಕದಲ್ಲಿ ಬರೆದು, ಕೊಂಡವನಿಗೆ ನಕಲು ಕೊಡುತ್ತಿದ್ದ. ಗೆದ್ದಲು ತಿಂದದ್ದು ನಕಲನ್ನು, ಪುಸ್ತಕವನ್ನಲ್ಲ. ಗುಮಾಸ್ತ ಹೊಸಬ. ಹನ್ನೊಂದನೆಯ ಇಸವಿಯ ಸೂಚಿ ತೆಗೆದು ಕಾರ್ವಾಲ್ ಎಂಬ ಹೆಸರನ್ನು ಹುಡುಕಿದ. ಇಲ್ಲ. ಹತ್ತು, ಹನ್ನೆರಡು ನೋಡಿದ. ಇಲ್ಲ. ಸಂಜೆ ಬರಿಗೈಯಲ್ಲಿ ಬಂದೆ. ಗೋಡೆ ಐದು ಸಾಲು.

ಗುರುವಾರ ತೆಲೆಸ್ಫೋರ್ ತಮ್ಮ ಟೈಪ್‌ರೈಟರಿಗೆ ಬಟ್ಟೆ ಮುಚ್ಚಿ ನನ್ನ ಜೊತೆ ಬಂದರು. ವಕೀಲರಿಗಲ್ಲದೆ ಒಳಗೆ ಪ್ರವೇಶವಿರಲಿಲ್ಲ. ತಾವು ದಫ್ತರದ ಕೆಲಸ ಬೇಡವೆಂದು ಬಿಟ್ಟುಬಂದ ಕೋಣೆಯ ಕಿಟಕಿಯ ಹೊರಗೆ ನಿಂತು, ಸರಳಿನ ನಡುವೆ ಮೂಗು ತೂರಿಸಿ ಕೇಳಿದರು: “ಯಾವ ಅಕ್ಷರದಲ್ಲಿ ಹುಡುಕ್ತಿದೀಯಪ್ಪ?”

ಕಾರ್ವಾಲ್ ಅಲ್ವಾ, ಕ-ದಲ್ಲಿ, ಎಂದ ಗುಮಾಸ್ತ.

“ಅಯ್ಯೋ ದೇವರೇ. ಆಗ ಮನೆತನದ ಹೆಸರಲ್ಲಿ ಯಾರು ಬರೀತಿದ್ರು? ಪಾದ್ರಿ ಇಟ್ಟ ಹೆಸರಲ್ಲಿ ಹುಡುಕು. ರೋಕ್. ರ ತೆಗಿ.”

ಗುಮಾಸ್ತ ರ ತೆಗೆದ. ರೋಕ್ ಎಂಬ ಹೆಸರಿನವರು ಆ ವರ್ಷ ಹದಿನಾಲ್ಕು ಮಂದಿ ಇದ್ದರು. ಒಂಬತ್ತನೆಯವನು ನಮ್ಮವನು. ಕೆಂಪು ರಟ್ಟಿನ ಪುಸ್ತಕವನ್ನು ನಾನೇ ಎತ್ತಿ ಕಿಟಕಿಯ ಹಲಗೆಯ ಮೇಲಿಟ್ಟೆ. ತೆಲೆಸ್ಫೋರ್ ಹೊರಗಿನಿಂದ ಬೆರಳು ಚಾಚಿ ಸಾಲು ಹಿಡಿದು ಹೋದರು. ಮೂಡಲಿಗೆ ಗದ್ದೆ, ತೆಂಕಲಿಗೆ ಗದ್ದೆ, ಪಡುವಲಿಗೆ ಮಾರಿದವರ ತೋಟ. ಬೆರಳು ನಿಂತಿತು. ಅವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಾನು ಗದರಿಸಿದ ಮೇಲೆ ಓದಿದರು. ಮಾರಿದವರ ತೆಂಗಿನ ತೋಟವು ಆಳು ನೆಲ. ರೋಕ್ ಕೊಂಡದ್ದು ಒಡೆಯ ನೆಲ. ಆಳು ನೆಲವು ಒಡೆಯ ನೆಲಕ್ಕೆ ಎಂದೆಂದಿಗೂ ಬಾವಿಯ ನೀರನ್ನೂ, ಶವಪೆಟ್ಟಿಗೆಯನ್ನು ಎರಡು ಬದಿಗೆ ಹೆಗಲು ಕೊಟ್ಟು ಒಯ್ಯುವಷ್ಟು ಅಗಲದ ದಾರಿಯನ್ನೂ ಸಲ್ಲಿಸತಕ್ಕದ್ದು.

ಗುಮಾಸ್ತನಿಗೆ ನಾವಿಬ್ಬರೂ ಯಾಕೆ ಅಷ್ಟು ಜೋರಾಗಿ ಉಸಿರಾಡುತ್ತಿದ್ದೇವೆಂದು ತಿಳಿಯಲಿಲ್ಲ. ಮೊಹರು ಹಾಕಿದ ನಕಲು ಕೈಗೆ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಗೋಡೆ ಆರು ಸಾಲಾಗಿತ್ತು. ದಾರಿ ಇದ್ದಲ್ಲಿ ಮಾತ್ರ, ಗಾರೆಯವರು ತಾವೇ ಓಡಾಡಲು ಒಂದು ಸಂದು ಬಿಟ್ಟುಕೊಂಡಿದ್ದರು. ಶುಕ್ರವಾರ ಅದನ್ನೂ ಮುಚ್ಚುತ್ತಾರೆಂದು ಪಿಯೆದಾದ್ ಹೇಳಿಕಳಿಸಿದ್ದಳು.

ಶುಕ್ರವಾರ ನಮ್ಮ ಸರದಿ ಬಂದದ್ದು ಹನ್ನೆರಡೂವರೆಗೆ. ನ್ಯಾಯಾಧೀಶರು ಸಾತಾರಾ ಕಡೆಯವರು, ಪೋರ್ಚುಗೀಸ್ ಬಾರದು. ಎದುರು ವಕೀಲ ದುಕ್ಲೆ ಚುರುಕು ಮನುಷ್ಯ. ನಾನು ಹಾಜರುಪಡಿಸಿದ ಕಡತದಲ್ಲಿ ಅರವತ್ಮೂರರ ಟೈಪ್ ಪ್ರತಿಯೂ ಇತ್ತು. ಮುಚ್ಚಿಡುವುದು ನನ್ನ ಪದ್ಧತಿಯಲ್ಲ. ದುಕ್ಲೆ ಅದನ್ನೇ ಎತ್ತಿ ಹಿಡಿದರು. ಇವರದೇ ಕಾಗದ, ಇವರದೇ ಅನುವಾದ, ಗುಲಾಮಗಿರಿ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿದೆ ಎಂದರು. ನನ್ನ ಕಕ್ಷಿದಾರರು ದಯೆಯಿಂದ ಬಿಡುಗಡೆ ಮಾಡಿದ್ದಾರೆ, ಬಿಡುಗಡೆಯ ವಿರುದ್ಧ ತಡೆಯಾಜ್ಞೆ ಕೇಳುವವರನ್ನು ಇವತ್ತೇ ನೋಡಿದ್ದು ಎಂದರು. ಕೋರ್ಟಿನಲ್ಲಿ ನಗು ಎದ್ದಿತು. ಹಿಂದಿನ ಬೆಂಚಿನಲ್ಲಿದ್ದ ಪಿಯೆದಾದ್ ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಳು.

ಇದನ್ನು ಟೈಪ್ ಮಾಡಿದವರು ಯಾರು ಎಂದರು ನ್ಯಾಯಾಧೀಶರು. ತೆಲೆಸ್ಫೋರ್ ಬಾಗಿಲ ಬಳಿ ನಿಂತಿದ್ದರು. ಮುಂದೆ ಬಂದು ಪ್ರಮಾಣ ಮಾಡಿದರು.

“ನಾನೇ ಸಾಹೇಬ. ಪದ ಸರಿಯಾಗಿದೆ. ಅರ್ಥ ಕೊಡಲಿಲ್ಲ, ಅದು ನನ್ನ ತಪ್ಪು. ಇಪ್ಪತ್ತು ವರ್ಷ ಆ ತಪ್ಪನ್ನ ಇವರ ಮನೆ ಹೆಂಗಸರು ತಲೆ ಮೇಲೆ ಹೊತ್ತಿದಾರೆ.”

ನಗು ನಿಂತಿತು. ಹಾಗಾದರೆ ಈಗ ಅರ್ಥ ಕೊಡಿ ಎಂದರು ನ್ಯಾಯಾಧೀಶರು.

ಜಗುಲಿಯಲ್ಲಿ ಇಪ್ಪತ್ತೊಂದು ವರ್ಷ ಬಾಯಿ ಮುಚ್ಚಿ ಕೂತಿದ್ದ ಮನುಷ್ಯ ಆ ದಿನ ಹತ್ತು ನಿಮಿಷ ಮಾತಾಡಿದರು. ಮೇಜಿನ ಮೇಲಿದ್ದ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು, ಇದು ತೋಟ, ಇದು ಮನೆಯ ಜಾಗ ಎಂದರು. ಈ ಕಾನೂನಿನಲ್ಲಿ ಮನುಷ್ಯ ಆಳಾಗುವುದಿಲ್ಲ, ನೆಲ ಆಗುತ್ತದೆ. ಒಡೆಯ ಸತ್ತರೂ ಮಾರಿದರೂ ಆಳು ನೆಲ ಆಳಾಗಿಯೇ ಇರುತ್ತದೆ ಎಂದರು. ಆಮೇಲೆ ಕೆಂಪು ಪುಸ್ತಕದ ನಕಲಿನಿಂದ ಆ ಸಾಲನ್ನು ಓದಿ, ಒಂದೊಂದೇ ಪದ ಬಿಡಿಸಿ ಹೇಳಿದರು. ಎರಾಸ್ಮೊ ತನ್ನ ವಕೀಲರ ಕಿವಿಯಲ್ಲಿ ಏನೋ ಕೇಳಿದ. ದುಕ್ಲೆ ಕಡತ ತಿರುವುತ್ತಿದ್ದರು.

ಅಷ್ಟಕ್ಕೆ ಸೋಲುವವರಲ್ಲ ದುಕ್ಲೆ. ಹಕ್ಕಿತ್ತು ಎಂದೇ ಇಟ್ಟುಕೊಳ್ಳೋಣ, ಬಳಸದೆ ಬಿಟ್ಟ ಹಕ್ಕು ಸಾಯುತ್ತದೆ, ಅದೂ ಅದೇ ಕಾನೂನಿನಲ್ಲಿದೆ ಎಂದರು. ಇವರು ಬಾವಿಗೆ ಬಂದದ್ದು ಹಕ್ಕಿನಿಂದಲ್ಲ, ನಮ್ಮ ಮನೆಯ ಊಳಿಗಕ್ಕೆ. ಎಪ್ಪತ್ತು ವರ್ಷದಲ್ಲಿ ಒಂದು ದಿನವೂ ಹಕ್ಕು ಬಳಸಿಲ್ಲ. ಸತ್ತಿದೆ.

ಇದು ಗಟ್ಟಿ ವಾದವಾಗಿತ್ತು. ನ್ಯಾಯಾಧೀಶರು ಪಿಯೆದಾದಳನ್ನು ಮುಂದೆ ಕರೆದು, ಬೆಳಿಗ್ಗೆ ಬಾವಿಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರು. ತೆಲೆಸ್ಫೋರ್ ಕೊಂಕಣಿಗೆ ತಿರುಗಿಸಿದರು. ಎರಡು ಕೊಡ ಅವರಿಗೆ, ಎಂದಳು. ಬರೀ ಎರಡೇ ಎಂದರು ನ್ಯಾಯಾಧೀಶರು.

“ಮೊದಲು ನಮ್ಮನೇದು ಸೇದಿಡ್ತಿದ್ವಿ. ಮೂರು ಕೊಡ. ಆಮೇಲೆ ಅವರದು.”

ದುಕ್ಲೆ ಎದ್ದು, ಅದಕ್ಕೆ ಒಡತಿಯ ಅಪ್ಪಣೆ ಇತ್ತು, ಆಳಿಗೆ ಯಜಮಾನರು ಕೊಡುವ ಸವಲತ್ತು ಅದು, ಎಂದರು. ನ್ಯಾಯಾಧೀಶರು ಅವರನ್ನು ಕೈಯಿಂದ ತಡೆದು, ಪೆನ್ನು ಕೆಳಗಿಟ್ಟು, ಒಂದೇ ಪ್ರಶ್ನೆ ಕೇಳಿದರು. ಬಹುಶಃ ಅವರದ್ದೂ ಬಾವಿಯಿದ್ದ ಮನೆಯೇ ಇರಬೇಕು.

ಹಗ್ಗ ಯಾರದು?

ಪಿಯೆದಾದಳಿಗೆ ಪ್ರಶ್ನೆ ವಿಚಿತ್ರವೆನಿಸಿತು. “ನಮ್ಮದೇ. ಸಾಂಜುವಾಂವ್ ಹಬ್ಬ ಆದ ಮೇಲೆ ಪ್ರತಿ ವರ್ಷ ಹೊಸದು ಅತ್ತೆ ಹೊಸೀತಾರೆ. ದಿನಾ ಮನೆಗೆ ತಗೊಂಡೋಗ್ತೀವಿ. ಅವರ ಹಗ್ಗ ಬಾವೀಲಿ ಯಾವತ್ತೂ ಇರ್ಲಿಲ್ಲ. ಒಂದಿನ ಹಬ್ಬಕ್ಕೆ ಅವರ ಅಡುಗೆಯವಳು ನಮ್ಮ ಹತ್ರಾನೇ ಕೇಳಿ ತಗೊಂಡೋದ್ಲು.”

ನ್ಯಾಯಾಧೀಶರು ದುಕ್ಲೆ ಕಡೆಗೆ ತಿರುಗಿದರು. ಊಳಿಗದ ಆಳಿಗೆ ಹಗ್ಗ ಕೊಡದ ಯಜಮಾನರನ್ನು ನಾನೂ ಇವತ್ತೇ ನೋಡಿದ್ದು ಎಂದರು. ಈ ಸಲದ ನಗು ಬೇರೆ ಕಡೆಗೆ ಹೋಯಿತು. ತಮ್ಮ ಹಗ್ಗದಿಂದ ತಮ್ಮ ಮನೆಗೆ ಮೊದಲು ಸೇದಿದ್ದಾರೆ, ದಿನವೂ ಸೇದಿದ್ದಾರೆ, ಆ ದಾರಿಯಲ್ಲೇ ನಡೆದಿದ್ದಾರೆ. ಬರೆದುಕೊಟ್ಟ ಹಕ್ಕಿಗೆ ಅಪ್ಪಣೆ ಬೇಕಿಲ್ಲ. ಬಳಸಿದವರಿಗೆ ಅದು ಹಕ್ಕೆಂದು ತಿಳಿದಿರಬೇಕೆಂದೂ ಇಲ್ಲ. ಆದೇಶವನ್ನು ಅಲ್ಲೇ ಹೇಳಿ ಬರೆಸಿದರು. ಗೋಡೆಯ ಸಂದು ಮುಚ್ಚಕೂಡದು. ಸಾಲದಿದ್ದರೆ ಕಾಗದದಲ್ಲಿ ಹೇಳಿದ ಅಗಲಕ್ಕೆ ಒಡೆದು ಬಿಡತಕ್ಕದ್ದು. ಬಾವಿಗೆ ಅಡ್ಡಿ ಮಾಡಕೂಡದು.

ಪ್ರತಿ ಕೈಗೆ ಬರುವುದನ್ನು ಕಾಯದೆ ನಾನು ಮತ್ತು ಪಿಯೆದಾದ್ ಬಾಡಿಗೆ ಕಾರು ಹಿಡಿದೆವು. ಕೋರ್ಟಿನ ಆದೇಶ ಮುಟ್ಟಿಸುವ ಬೇಲೀಫ್ ಮುಂದಿನ ಸೀಟಿನಲ್ಲಿ ಕುಳಿತ. ತಲುಪಿದಾಗ ಗಾರೆಯವನು ಸಂದಿನಲ್ಲಿ ಮೊದಲ ಕಲ್ಲು ಕೂರಿಸಿ ಗಾರೆ ಸವರುತ್ತಿದ್ದ. ಹಸಿ ಇತ್ತು. ಬೇಲೀಫ್ ಬಾಯಿಮಾತಿನಲ್ಲಿ ಆದೇಶ ಹೇಳಿದ. ಗಾರೆಯವನು ಕಲ್ಲು ಎತ್ತಿ ಪಕ್ಕಕ್ಕಿಟ್ಟು, ಕರಣೆ ತೊಳೆದುಕೊಂಡು, ಹಾಗಿದ್ರೆ ನನ್ನ ಊಟದ ಹೊತ್ತಾಯ್ತು ಎಂದ.

ಆ ಸಂದು ಇವತ್ತಿಗೂ ಇದೆ. ನಡುವೆ ದಾರಿಯಿರುವ ತೋಟ ಬೇಡವೆಂದು ಹೋಟೆಲಿನವನು ಹೋದ. ಎರಾಸ್ಮೊ ಮುಂದಿನ ವರ್ಷ ರಾಜಿಯಾದ. ನಾಲ್ಕು ವರ್ಷದ ಮೇಲೆ ಇನಾಸ್‌ಮಾಯ್‌ಳ ಪೆಟ್ಟಿಗೆ ಅಲ್ಲಿಂದಲೇ ಹೋಯಿತು. ಎರಡು ಬದಿಗೂ ಒಂದೊಂದು ಗೇಣು ಜಾಗ ಉಳಿದಿತ್ತು, ನಾನೇ ನೋಡಿದೆ.

ಆದೇಶ ಬಂದ ಮೇಲಿನ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ತೆಲೆಸ್ಫೋರ್ ಸೊಕೊಲ್‌ವಾಡೊಕ್ಕೆ ಬಂದರು. ಆದೇಶದ ಪ್ರತಿ ಕೊಡಲು ನಾನೂ ಹೋಗಿದ್ದೆ. ಅದೇ ಟೈ. ಪಿಯೆದಾದಳಿಂದ ಹಗ್ಗವನ್ನೂ ಎರಡು ಕೊಡಗಳನ್ನೂ ಕೇಳಿ ತೆಗೆದುಕೊಂಡರು. ಬೇಡವೆಂದರೂ ಕೇಳಲಿಲ್ಲ. ಬಾವಿಗೆ ಹೋಗಿ ಸೇದಿ, ಒಂದನ್ನು ತಲೆಯ ಮೇಲೆ, ಒಂದನ್ನು ಸೊಂಟದಲ್ಲಿ ಇಟ್ಟುಕೊಂಡು ಹೊರಟರು. ಕೋರ್ಟಿನ ಮನುಷ್ಯ, ಜೀವಮಾನದಲ್ಲಿ ಲೇಖನಿಗಿಂತ ಭಾರದ್ದನ್ನು ಎತ್ತಿದವರಲ್ಲ. ಗೋಡೆಯ ಸಂದಿನಲ್ಲಿ ಸೊಂಟದ ಕೊಡ ಕಲ್ಲಿಗೆ ತಾಗಿ, ತಲೆಯ ಕೊಡ ಓಲಾಡಿ, ಅದರ ಅರ್ಧ ನೀರು ಟೈಯ ಮೇಲೆ ಇಳಿಯಿತು. ಹುಡುಗಿಯರಿಬ್ಬರೂ ಬಿದ್ದು ಬಿದ್ದು ನಕ್ಕರು. ಅವರು ನಿಲ್ಲದೆ ಬಂದು ಉಳಿದದ್ದನ್ನು ಇನಾಸ್‌ಮಾಯ್‌ಳ ಅಡುಗೆಮನೆಯ ಹಂಡೆಗೆ ಸುರಿದರು.

ಆಮೇಲೆ ಒದ್ದೆ ಜೇಬಿನಿಂದ ಒಂದು ಚೀಟಿ ತೆಗೆದು, ಮೊಳೆ ಕೇಳಿ, ಬಾಗಿಲ ಕಂಬಕ್ಕೆ ಹೊಡೆಯಲು ಹೋದರು. ಮೊದಲು ಓದು ಎಂದಳು ಮುದುಕಿ. ಓದಿದರು. ‘ಸೆರ್ವಿದಾಂವ್: ಆ ತೋಟ ಈ ಮನೆಯ ಆಳು. ಈ ಮನೆಯವರು ಯಾರ ಆಳೂ ಅಲ್ಲ.’

ಇನಾಸ್‌ಮಾಯ್ ಇನ್ನೊಂದು ಸಲ ಓದಿಸಿದಳು. ವಾಲಿದ ಕತ್ತಿನಲ್ಲೇ ತೋಟದ ಕಡೆಗೆ ನೋಡಿದಳು. ಆಮೇಲೆ ಹಂಡೆಯೊಳಗೆ ಇಣುಕಿದಳು.

“ಅರ್ಧ ಕೊಡ ದಾರೀಲೇ ಚೆಲ್ಲಿದೀಯಲ್ಲೋ ಟೈ,” ಎಂದಳು. “ನಿನ್ನ ನಂಬ್ಕೊಂಡಿದ್ರೆ ಭಾಟ್ಕಾರನ ಮನೇಲಿ ಯಾವತ್ತೋ ಬಾಯಾರಿ ಸಾಯ್ತಿದ್ರು. ಹೋಗು, ಇನ್ನೊಂದು ತಗೊಂಡ್ ಬಾ.”

ಅವರು ಹಗ್ಗ ಹೆಗಲಿಗೆ ಹಾಕಿಕೊಂಡು ಮತ್ತೆ ಹೊರಟರು.